ಕಂಪ್ರೆಸರಿನ ದೋಷಪಟ್ಟಿ

ಕೊಚ್ಚಿಯ ಪಾಲಾರಿವಟ್ಟಂನ ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜು ಒಂದಿದೆ. ಆದರೆ ಏಳೆಂಟು ತಿಂಗಳು ಅದರ ಮೇಲೆ ಯಾರೂ ಊಟ ಮಾಡಲಿಲ್ಲ. ಹೆಂಡತಿ ಸೋಫಾದಲ್ಲಿ ಕೂತು ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಉಣ್ಣುತ್ತಿದ್ದೆ. ಮಗಳು ಮೇಜಿನ ಪಕ್ಕದಲ್ಲೇ ನಿಂತು, ಎಡಗೈಯಲ್ಲಿ ಒಂದು ಹಲ್ಲಿನ ಚಕ್ರವನ್ನು ತಿರುಗಿಸಿ ನೋಡುತ್ತ ಬಲಗೈಯಲ್ಲಿ ಅನ್ನ ಕಲಸುತ್ತಿದ್ದಳು. ಮೇಜಿನ ತುಂಬ ಒಂದಕ್ಕೊಂದು ಒತ್ತಿ ಕೂಡಿಸುವ ಪ್ಲಾಸ್ಟಿಕ್ ಆಟದ ಇಟ್ಟಿಗೆಗಳು. ನಡುವೆ ಅವಳ ಕಂಪ್ರೆಸರ್.

ಕಂಪ್ರೆಸರ್ ಎಂದರೆ ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ಡಗಡಗ ಎಂದು ಕುಣಿಯುತ್ತ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಯಂತ್ರ. ಮಗಳು ಕಟ್ಟಿದ್ದು ಅದೇ ಕೆಲಸ ಮಾಡುವ, ಟಿಫಿನ್ ಡಬ್ಬಿಯಷ್ಟು ಗಾತ್ರದ ವಸ್ತು. ಬ್ಯಾಟರಿಯಿಂದ ತಿರುಗುವ ಮೋಟಾರ್, ಅದಕ್ಕೆ ಸಿಕ್ಕಿಸಿದ ಹಲ್ಲಿನ ಚಕ್ರಗಳು, ಚಕ್ರ ತಿರುಗಿದಂತೆ ಮೇಲೆ ಕೆಳಗೆ ಆಡುವ, ಕಿರುಬೆರಳಿನಷ್ಟು ದಪ್ಪದ ಎರಡು ಪಂಪುಗಳು, ಅಲ್ಲಿಂದ ತೆಳ್ಳಗಿನ ಟ್ಯೂಬು, ಟ್ಯೂಬಿನ ಕೊನೆಗೆ ಒಂದು ಪುಟ್ಟ ಟ್ಯಾಂಕು. ಟ್ಯಾಂಕಿನಲ್ಲಿ ತುಂಬಿದ ಗಾಳಿಯಿಂದ ಒಂದು ಆಟಿಕೆ ಬಸ್ಸಿನ ಬಾಗಿಲು ತೆರೆದು ಮುಚ್ಚಬೇಕು. ಇಷ್ಟೇ.

ಇದು ಹುಟ್ಟಿದ್ದು ಬಸ್ಸಿನಲ್ಲಿಯೇ. ಎರ್ನಾಕುಲಂನಿಂದ ಮನೆಗೆ ಬರುವಾಗ ಬಸ್ಸಿನ ಬಾಗಿಲು ಉಸ್ ಎಂದು ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಆ ಉಸ್ ಎಲ್ಲಿಂದ ಬರುತ್ತದೆ ಎಂದು ಅವಳು ಕೇಳಿದಳು. ಗಾಳಿಯಿಂದ ಎಂದೆ. ಗಾಳಿ ಎಲ್ಲಿಂದ ಎಂದಳು. ಎಲ್ಲ ಕಡೆ ಇರುತ್ತದಲ್ಲ ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. ಅದೇ ಸಮಯಕ್ಕೆ ಹೆಂಡತಿಯ ಜೊತೆ ಕೋರ್ಟಿನಲ್ಲಿ ಕೆಲಸ ಮಾಡುವ ವಕೀಲರೊಬ್ಬರು ಮನೆ ಬದಲಿಸುವಾಗ, ತಮ್ಮ ಮಕ್ಕಳು ಆಡಿ ಬಿಟ್ಟ ಎರಡು ಪೆಟ್ಟಿಗೆ ಇಟ್ಟಿಗೆಗಳನ್ನು ನಮಗೆ ದಾಟಿಸಿದರು. ಅದರಲ್ಲಿ ಮೋಟಾರು, ಪಂಪು, ಟ್ಯೂಬು ಎಲ್ಲ ಇದ್ದವು. ಹೇಗೆ ಕಟ್ಟಬೇಕೆಂದು ತೋರಿಸುವ ಪುಸ್ತಕ ಮಾತ್ರ ಇರಲಿಲ್ಲ. ಹದಿಮೂರು ವರ್ಷದವಳಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ.

ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಕಾಸರಗೋಡಿನ ಕಡೆಯವನು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ತಪಾಸಣೆ ಮಾಡುವ ವಿಭಾಗದಲ್ಲಿದ್ದೇನೆ. ಯಂತ್ರಗಳು ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಬೇರೆಯವರ ತಪ್ಪುಗಳು. ಯಾವ ಶಾಖೆಗೆ ಹೋದರೂ ಅರ್ಧ ಗಂಟೆಯಲ್ಲಿ ನಾಲ್ಕು ಕೊರತೆ ಹುಡುಕಿ ಬರೆಯಬಲ್ಲೆ. ಮೂಗಿನ ತುದಿಯಲ್ಲೇ ಕೋಪ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಾನು ಅದನ್ನು ಶಿಸ್ತು ಎನ್ನುತ್ತೇನೆ. ಆ ವರ್ಷ ನನಗೆ ತಿರುವನಂತಪುರಕ್ಕೆ ವರ್ಗವಾಗಿತ್ತು. ಹೆಂಡತಿಯ ವಕೀಲಿಕೆ ಎರ್ನಾಕುಲಂನಲ್ಲಿ, ಮಗಳ ಶಾಲೆ ಇಲ್ಲೇ. ಹಾಗಾಗಿ ನಾನೊಬ್ಬನೇ ತಿರುವನಂತಪುರದ ಪಟ್ಟಂನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಶುಕ್ರವಾರ ಸಂಜೆ ರೈಲು ಹತ್ತಿ ಬಂದು ಭಾನುವಾರ ಸಂಜೆ ವಾಪಸು ಹೋಗುತ್ತಿದ್ದೆ.

ವಾರಕ್ಕೆ ಎರಡು ದಿನ ಬರುವ ಅಪ್ಪ ಮನೆಯಲ್ಲಿ ಬೇಗನೆ ನೆಂಟನಾಗುತ್ತಾನೆ. ಯಾವ ಟವೆಲು ನನ್ನದು ಎಂದು ಕೇಳುವ ಹಂತಕ್ಕೆ ಬಂದಿದ್ದೆ. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರ ಬರುವುದು ಮಲಯಾಳದಲ್ಲಿ. ಅವಳು ಕನ್ನಡಕ್ಕೆ ಬರುವುದು ಜಗಳಕ್ಕೆ ಮಾತ್ರ. ಅವಳ ಅಮ್ಮ ಬೈಯುವುದು ಕನ್ನಡದಲ್ಲಾದ್ದರಿಂದ ಬೈಗುಳಕ್ಕೆ ಅದೇ ಸರಿಯಾದ ಭಾಷೆ ಎಂದು ಅವಳ ತಿಳಿವಳಿಕೆ. ಶಾಲೆ ಹೇಗಿದೆ ಎಂದರೆ ಒಂದು ಮಾತು, ಗೆಳತಿಯರು ಹೇಗಿದ್ದಾರೆ ಎಂದರೆ ಅರ್ಧ ಮಾತು. ಕಂಪ್ರೆಸರ್ ಒಂದೇ ನನ್ನನ್ನು ಅವಳು ಒಳಗೆ ಬಿಟ್ಟುಕೊಂಡ ಜಾಗ. ಅದೂ ನಾನು ಟ್ಯೂಬನ್ನು ಬಿಗಿಯಾಗಿ ಹಿಡಿದುಕೊಳ್ಳಬಲ್ಲೆ ಎಂಬ ಕಾರಣಕ್ಕೆ.

ನನಗೆ ಕೊಡಲು ಬೇರೇನೂ ಇರಲಿಲ್ಲವಾದ್ದರಿಂದ ನಾನು ಅವಳಿಗೆ ನನ್ನ ಕಚೇರಿಯ ಪದ್ಧತಿಯನ್ನು ಕೊಟ್ಟೆ. ಒಂದು ಇನ್ನೂರು ಪುಟದ ನೋಟ್ ಪುಸ್ತಕ ತಂದು, ಸ್ಕೇಲು ಇಟ್ಟು ಗೆರೆ ಎಳೆದು, ನಾಲ್ಕು ಕಾಲಂ ಮಾಡಿದೆ: ದೋಷ, ಕಾರಣ, ಯಾರಿಂದ, ಗೊತ್ತಾದ ದಿನ. ಯಂತ್ರ ಯಾವಾಗ ಕೈಕೊಟ್ಟರೂ ಇಲ್ಲಿ ಬರೆಯಬೇಕು. ಯಾವ ಕಾಲಮ್ಮೂ ಖಾಲಿ ಇರಕೂಡದು. ತಿದ್ದುವುದಾದರೆ ಒಂದೇ ಗೆರೆಯಿಂದ ಹೊಡೆದುಹಾಕಿ ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ಬಿಳಿ ಬಣ್ಣ ಬಳಿದು ಮುಚ್ಚುವುದು ಕಳ್ಳರ ಕೆಲಸ. ಯಂತ್ರದಲ್ಲಿ ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಪುಸ್ತಕದ ಹಿಂಬದಿಯಲ್ಲಿ ಬರೆದಿಡಬೇಕು. ಯಂತ್ರ ನಿನ್ನೆ ಓಡಿ ಇವತ್ತು ನಿಂತರೆ, ನಡುವೆ ಏನು ಬದಲಾಯಿತು ಎಂದು ನೋಡಿದರೆ ಸಾಕು. ಇಷ್ಟನ್ನು ನಾನು ಎಷ್ಟು ಗಂಭೀರವಾಗಿ ಹೇಳಿದೆನೆಂದರೆ ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ನೋಡಿದಳು.

ಮಗಳಿಗೆ ಅದು ಹಿಡಿಸಿತು. ಅವಳು ಇಂಗ್ಲಿಷಿನಲ್ಲಿ, ಉರುಟು ಅಕ್ಷರದಲ್ಲಿ, ತುಂಬ ಪ್ರಾಮಾಣಿಕವಾಗಿ ಬರೆಯತೊಡಗಿದಳು. ಮೊದಲ ದೋಷ, ಎರಡು ಪಂಪುಗಳೂ ಒಟ್ಟಿಗೆ ಮೇಲೇರಿ ಒಟ್ಟಿಗೆ ಇಳಿಯುತ್ತವೆ, ಇಳಿಯುವಾಗ ಮೋಟಾರು ಏದುಸಿರು ಬಿಟ್ಟು ನಿಲ್ಲುತ್ತದೆ. ಕಾರಣ, ಎರಡೂ ಚಕ್ರಗಳನ್ನು ಒಂದೇ ದಿಕ್ಕಿಗೆ ಸಿಕ್ಕಿಸಿದ್ದು. ಯಾರಿಂದ, ನನ್ನಿಂದ. ಒಂದು ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಹಾಕಿದಳು. ಒಂದು ಪಂಪು ಇಳಿಯುವಾಗ ಇನ್ನೊಂದು ಏರಿತು, ಮೋಟಾರಿಗೆ ಜೀವ ಬಂತು. ಆಮೇಲೆ ಟ್ಯೂಬಿನ ಸೇರುವೆಯಲ್ಲಿ ಗಾಳಿ ಸೋರಿತು. ಪಂಕ್ಚರ್ ಅಂಗಡಿಯವರ ಹಾಗೆ ಟ್ಯೂಬನ್ನೂ ಟ್ಯಾಂಕನ್ನೂ ಬಕೆಟಿನ ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ನೋಡಿದೆವು. ಯಾರಿಂದ, ನನ್ನಿಂದ. ಒಂದು ಸಲ ಯಾರಿಂದ ಎಂಬ ಕಡೆ ಅಮ್ಮ ಎಂದು ಬಂತು, ಮೇಜು ಒರೆಸುವಾಗ ಟ್ಯೂಬು ಮಡಚಿಹೋಗಿದ್ದಕ್ಕೆ. ತನ್ನ ಹೇಳಿಕೆಯನ್ನು ಪಡೆಯದೆ ತೀರ್ಪು ಬರೆದಿದ್ದೀರೆಂದು ವಕೀಲೆ ಸಾಹೇಬರು ಒಂದು ವಾರ ವಾದಿಸಿದರು. ಕೊನೆಗೆ ಪಕ್ಕದಲ್ಲಿ "ಆಕ್ಷೇಪಣೆ ಇದೆ" ಎಂದು ಬರೆಸಿಕೊಂಡೇ ಬಿಟ್ಟರು.

ನನ್ನ ಹೆಸರು ಆ ಕಾಲಮಿನಲ್ಲಿ ಒಮ್ಮೆಯೂ ಬರಲಿಲ್ಲ. ಮಗಳು ಅದನ್ನು ಗಮನಿಸಿ, ಅಪ್ಪ ತಪ್ಪೇ ಮಾಡುವುದಿಲ್ಲವೇ ಎಂದು ಕೇಳಿದಳು. ತಪಾಸಣೆ ಮಾಡುವವರು ಮಾಡುವುದಿಲ್ಲ ಎಂದೆ. ತಮಾಷೆಗೇ ಹೇಳಿದ್ದು. ಆದರೆ ಆ ತಮಾಷೆಯನ್ನು ನಾನು ಮುಕ್ಕಾಲು ಪಾಲು ನಂಬಿದ್ದೆ.

ತಿಂಗಳುಗಳು ಕಳೆದ ಹಾಗೆ ಯಂತ್ರಕ್ಕೆ ಬುದ್ಧಿ ಬರತೊಡಗಿತು. ಟ್ಯಾಂಕು ತುಂಬಿದ ಮೇಲೂ ಮೋಟಾರು ತಿರುಗುತ್ತಲೇ ಇದ್ದರೆ ಟ್ಯೂಬು ಕಿತ್ತುಕೊಂಡು ಹಾರುತ್ತಿತ್ತು. ಒಂದು ದಿನ ಸಾಂಬಾರಿನ ಪಾತ್ರೆಗೂ ಹಾರಿತು. ಅವಳು ಒಂದು ಪುಟ್ಟ ಸಿಲಿಂಡರಿಗೆ ರಬ್ಬರ್ ಬ್ಯಾಂಡು ಕಟ್ಟಿ ಮೋಟಾರಿನ ಸ್ವಿಚ್ಚಿನ ಪಕ್ಕ ಕೂರಿಸಿದಳು. ಗಾಳಿ ತುಂಬಿದಾಗ ಸಿಲಿಂಡರ್ ಉದ್ದವಾಗಿ ಸ್ವಿಚ್ಚನ್ನು ಆರಿಸುತ್ತದೆ, ಗಾಳಿ ಖರ್ಚಾದಾಗ ರಬ್ಬರ್ ಬ್ಯಾಂಡು ಅದನ್ನು ಎಳೆದು ಮತ್ತೆ ಹಾಕುತ್ತದೆ. ಯಾರೂ ಮುಟ್ಟದೆ ಯಂತ್ರ ತಾನೇ ನಿಂತು ತಾನೇ ಹೊರಟಾಗ ನಾನು ನಿಜಕ್ಕೂ ಬೆರಗಾದೆ. ಇದು ಎಲ್ಲಿಂದ ಹೊಳೆಯಿತು ಎಂದು ಕೇಳಿದೆ. ನೀರಿನ ಟ್ಯಾಂಕಿನ ಫ್ಲೋಟು ನೋಡಿ ಎಂದಳು. ನನಗೆ ಹೆಮ್ಮೆಯಾಯಿತು, ಅದನ್ನು ಹೇಳಲಿಲ್ಲ. "ಬದಲಾವಣೆಯ ಪುಟದಲ್ಲಿ ಬರೆ" ಎಂದಷ್ಟೇ ಹೇಳಿದೆ.

ಅಷ್ಟರಲ್ಲಿ ತಿರುವನಂತಪುರದಲ್ಲಿ ಶಾಲಾ ಮಕ್ಕಳು ಕಟ್ಟಿದ ಯಂತ್ರಗಳ ಪ್ರದರ್ಶನವಿದೆ ಎಂದು ಅವಳ ಶಾಲೆಗೆ ಕಾಗದ ಬಂತು. ಆಯ್ಕೆಯಾದ ಕೆಲವೇ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಎರಡು ವಾರದ ಶಿಬಿರ. ಅಲ್ಲಿ ಲೋಹ ಕೊರೆಯುವ ಯಂತ್ರ, ಬೆಸುಗೆ, ನಿಜವಾದ ಪಂಪು, ನಿಜವಾದ ಟ್ಯಾಂಕು. ಅವಳಿಗೆ ಅದು ಎಷ್ಟು ಬೇಕಾಗಿತ್ತೆಂದರೆ ಅದರ ಬಗ್ಗೆ ಮಾತಾಡುವುದನ್ನೇ ನಿಲ್ಲಿಸಿದಳು. ಆ ಕಾಗದವನ್ನು ತನ್ನ ಮಂಚದ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದಳು. ಪ್ರತಿ ಶನಿವಾರ ನಾನು ಎದ್ದಾಗ ಅವಳಾಗಲೇ ಮೇಜಿನ ಹತ್ತಿರ ಇರುತ್ತಿದ್ದಳು.

ಪ್ರದರ್ಶನಕ್ಕೆ ಆರು ದಿನ ಇರುವಾಗ, ಒಂದು ಭಾನುವಾರ, ಅವಳು ವೇಗ ಹೆಚ್ಚಿಸಲು ಒಂದು ಹಲ್ಲಿನ ಚಕ್ರವನ್ನು ಬದಲಿಸಿದಳು. ಹಿಂಬದಿಯ ಪುಟದಲ್ಲಿ ಅದನ್ನು ಬರೆದಳು. ಟ್ಯಾಂಕು ಬೇಗ ತುಂಬಿತು, ಆದರೆ ಪಂಪಿನ ಕಡ್ಡಿ ಕಿರ್ರ್ ಎನ್ನತೊಡಗಿತು. ಒಣಗಿದೆ, ಎಣ್ಣೆ ಬೇಕು ಎಂದೆ. ಪ್ಲಾಸ್ಟಿಕ್ಕಿಗೆ ಬೇರೆ ಥರದ ಎಣ್ಣೆ ಇದೆ, ಸಿಲಿಕೋನಿನದ್ದು, ಸಿಗುವವರೆಗೆ ಹೀಗೇ ಇರಲಿ, ಸದ್ದು ಮಾಡಿದರೆ ಮಾಡಲಿ ಎಂದಳು. ನನ್ನ ರೈಲಿಗೆ ಇನ್ನು ಒಂದೂವರೆ ಗಂಟೆ. ಭಾನುವಾರ, ಅಂಗಡಿ ಮುಚ್ಚಿದೆ. ನನಗೆ ಸಿಟ್ಟು ಬಂತು. ನಾನು ಬಚ್ಚಲುಮನೆಗೆ ಹೋಗಿ ತೆಂಗಿನೆಣ್ಣೆಯ ಬಾಟಲಿ ತಂದೆ.

ನಮ್ಮ ಕಡೆಯವರಿಗೆ ತೆಂಗಿನೆಣ್ಣೆಯ ಮೇಲೆ ಇರುವ ಭರವಸೆ ದೇವರ ಮೇಲೂ ಇರಲಿಕ್ಕಿಲ್ಲ. ತಲೆಗೆ ಅದೇ, ಒಗ್ಗರಣೆಗೆ ಅದೇ, ಸುಟ್ಟ ಗಾಯಕ್ಕೆ ಅದೇ. ನನ್ನ ಅಮ್ಮ ಬಾಗಿಲ ತಿರುಗಣೆಗೂ ಹೊಲಿಗೆ ಯಂತ್ರಕ್ಕೂ ಅದನ್ನೇ ಬಿಡುತ್ತಿದ್ದಳು, ಎರಡೂ ಅವಳಿಗಿಂತ ಹೆಚ್ಚು ಕಾಲ ಬಾಳಿದವು. ಇದನ್ನೆಲ್ಲ ಮಗಳಿಗೆ ಹೇಳುತ್ತಲೇ ಕಸ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ, ಎರಡೂ ಪಂಪುಗಳ ಕಡ್ಡಿಗೆ ಒಂದೊಂದು ಹನಿ ಇಳಿಸಿದೆ. "ಬೇಡ ಅಪ್ಪ" ಎಂದು ಅವಳು ಎರಡು ಸಲ ಹೇಳಿದಳು. ಕಿರ್ರ್ ಸದ್ದು ಅಲ್ಲೇ ನಿಂತಿತು. ಪಂಪುಗಳು ಬೆಣ್ಣೆಯಲ್ಲಿ ಆಡಿದ ಹಾಗೆ ಆಡಿದವು. ನೋಡಿದೆಯಾ ಎಂಬಂತೆ ನಾನು ಅವಳತ್ತ ನೋಡಿದೆ. ಅವಳು ಪುಸ್ತಕದ ಹಿಂಬದಿ ತೆರೆದು ಪೆನ್ನು ಎತ್ತಿಕೊಂಡಳು. ಒಂದು ಹನಿ ಎಣ್ಣೆಯನ್ನೆಲ್ಲ ಯಾಕೆ ಬರೆಯುತ್ತಿ, ಅದೇನು ದೊಡ್ಡ ಬದಲಾವಣೆಯೇ ಎಂದೆ. ಅವಳು ಪುಸ್ತಕ ಮುಚ್ಚಿದಳು. ನಾನು ಬ್ಯಾಗು ಎತ್ತಿಕೊಂಡು ರೈಲಿಗೆ ಹೊರಟೆ.

ಆ ವಾರವಿಡೀ ಯಂತ್ರ ಮನೆಯಲ್ಲಿ ಚೆನ್ನಾಗಿಯೇ ಓಡಿತು. ಶುಕ್ರವಾರ ರಜೆ ಹಾಕಿ ಮನೆಗೆ ಹೋಗಿ ಅವಳನ್ನು ತಿರುವನಂತಪುರಕ್ಕೆ ಕರೆದುಕೊಂಡು ಬಂದೆ. ರೈಲಿನಲ್ಲಿ ಇಡೀ ದಾರಿ ಕಂಪ್ರೆಸರಿನ ಪೆಟ್ಟಿಗೆ ಅವಳ ಮಡಿಲಲ್ಲಿತ್ತು; ಚಹಾ ತೆಗೆದುಕೊಳ್ಳಲು ಕೂಡ ಕೈ ಬಿಡಲಿಲ್ಲ. ಶನಿವಾರ ಬೆಳಗ್ಗೆ ಪಟ್ಟಂನ ನನ್ನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಆರು ಸಲ ಓಡಿಸಿ ನೋಡಿದಳು. ಆರು ಸಲವೂ ಬಸ್ಸಿನ ಬಾಗಿಲು ಉಸ್ ಎಂದು ತೆರೆದು ಉಸ್ ಎಂದು ಮುಚ್ಚಿತು. ನಾವಿಬ್ಬರೂ ಪುಟ್ಟು ಕಡಲೆ ತಿಂದು ಹೊರಟೆವು.

ಪ್ರದರ್ಶನದ ಸಭಾಂಗಣ ವೆಳ್ಳಯಂಬಲಂನ ಹತ್ತಿರ. ಒಳಗೆ ಕಾಲಿಟ್ಟಾಗ ಹಾಯೆನಿಸಿತು, ಐದು ನಿಮಿಷದಲ್ಲಿ ತೋಳು ಉಜ್ಜಿಕೊಳ್ಳುವ ಹಾಗಾಯಿತು. ಎಸಿಯನ್ನು ಅಷ್ಟು ಜೋರಾಗಿ ಇಟ್ಟಿದ್ದರು. ಮಗಳಿಗೆ ಸಿಕ್ಕಿದ ಮೇಜು ತಣ್ಣನೆಯ ಗಾಳಿ ಇಳಿಯುವ ಜಾಲರಿಯ ನೇರ ಕೆಳಗೆ. ತೀರ್ಪುಗಾರರು ಬರುವವರೆಗೆ ಯಂತ್ರ ಓಡಿಸಬಾರದು, ತಂದೆತಾಯಿಯರು ಮೇಜಿನ ಹಿಂದೆ ನಿಲ್ಲಬಹುದು, ಬಾಯಿ ಹಾಕಬಾರದು ಎಂದು ಹೇಳಿದರು. ಎರಡು ಗಂಟೆಗೂ ಹೆಚ್ಚು ಕಾದೆವು. ನನಗೆ ಸೀನು ಬಂತು. ಅವಳು ಅಂಗಿಯ ತೋಳಿನೊಳಗೆ ಬೆರಳುಗಳನ್ನು ಎಳೆದುಕೊಂಡು ನಿಂತಿದ್ದಳು.

ತೀರ್ಪುಗಾರರಲ್ಲಿ ನಮ್ಮ ಮೇಜಿಗೆ ಬಂದವರು ಹಿರಿಯ ಎಂಜಿನಿಯರ್ ಮಹಿಳೆ, ತಾಳ್ಮೆಯವರು. ಮಗಳು ಮಲಯಾಳದಲ್ಲಿ ತಡವರಿಸದೆ ಎಲ್ಲ ವಿವರಿಸಿದಳು. ತಾನೇ ನಿಂತು ತಾನೇ ಹೊರಡುವ ಸ್ವಿಚ್ಚಿನ ಬಗ್ಗೆ ಹೇಳುವಾಗ ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ನನ್ನ ಎದೆ ಉಬ್ಬಿತು. ಅವಳು ಮೋಟಾರು ಹಾಕಿದಳು. ಮೋಟಾರು ಗುಂಯ್ ಎಂದಿತು, ಚಕ್ರಗಳು ಕಾಲು ಸುತ್ತು ಬಂದವು, ನಿಂತವು. ಟಕ್ ಟಕ್ ಎಂದು ಹಲ್ಲು ಜಾರುವ ಸದ್ದು. ಆರಿಸಿ ಮತ್ತೆ ಹಾಕಿದಳು. ಗುಂಯ್, ಟಕ್. ಅವಳ ಕಿವಿ ಕೆಂಪಾಯಿತು.

ಅವಸರ ಬೇಡ ಎಂದು ಆ ಮೇಡಂ ಹೇಳಿದರು. ಅವಳು ಚಕ್ರಗಳನ್ನು ಬಿಡಿಸಿ ನೋಡುವಾಗ ನಾನು ಸಹಾಯ ಮಾಡುವವನ ಹಾಗೆ ಪಂಪಿನ ಕಡ್ಡಿಯನ್ನು ಬೆರಳಿನಿಂದ ಮುಟ್ಟಿದೆ. ಬೆರಳಿಗೆ ಬಿಳಿಯ ಮೇಣದಂತಹದ್ದು ಹತ್ತಿತು. ಮೂಸಿ ನೋಡುವ ಅಗತ್ಯವೇ ಇರಲಿಲ್ಲ. ಚಳಿಗಾಲದಲ್ಲಿ ಬೆಂಗಳೂರಿನ ನೆಂಟರ ಮನೆಗೆ ಹೋದಾಗ ಬಚ್ಚಲುಮನೆಯಲ್ಲಿ ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸುವುದನ್ನು ನಾನು ನೂರು ಸಲ ನೋಡಿದ್ದೇನೆ. ಕೊಚ್ಚಿಯ ನಮ್ಮ ಮನೆಯಲ್ಲಿ ವರ್ಷವಿಡೀ ನೀರಿನಂತಿರುವ ತೆಂಗಿನೆಣ್ಣೆ ಆ ಜಾಲರಿಯ ಕೆಳಗೆ ಎರಡು ಗಂಟೆಯಲ್ಲಿ ಗಟ್ಟಿಯಾಗಿತ್ತು. ಆ ಪುಟ್ಟ ಮೋಟಾರಿಗೆ ಅದನ್ನು ದೂಡುವ ಶಕ್ತಿ ಇರಲಿಲ್ಲ. ನಾನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಮೇಡಂ ಮಗಳಿಗೆ ಒಂದೇ ಪ್ರಶ್ನೆ ಕೇಳಿದರು. ಕಳೆದ ಕೆಲವು ದಿನಗಳಲ್ಲಿ ಇದರಲ್ಲಿ ಏನು ಬದಲಾಯಿಸಿದ್ದೀ? ಅವಳು ಪುಸ್ತಕದ ಹಿಂಬದಿ ತೆರೆದಳು. ಕೊನೆಯ ಸಾಲು ಹಲ್ಲಿನ ಚಕ್ರದ್ದು. ಅದರ ಕೆಳಗೆ ಏನೂ ಇರಲಿಲ್ಲ. ಬರೆಯಬೇಡ ಎಂದವನು ಅವಳ ಹಿಂದೆಯೇ ನಿಂತಿದ್ದ. ಅವಳು ಆ ಸಾಲನ್ನು ಎರಡು ಸಲ ಓದಿ, ವೇಗ ಹೆಚ್ಚಿಸಲು ತಾನು ಚಕ್ರ ಬದಲಾಯಿಸಿದೆ, ಅದು ಸರಿಯಾಗಿ ಕೂತಿಲ್ಲ, ತಪ್ಪು ತನ್ನದು ಎಂದಳು. ಮೇಡಂ ಅವಳ ಭುಜ ತಟ್ಟಿದರು. ಒಂದು ನಿಮಿಷ ನಿಂತರು. ಆಮೇಲೆ ಮುಂದಿನ ಮೇಜಿಗೆ ಹೋದರು.

ಆ ಒಂದು ನಿಮಿಷದಲ್ಲಿ ನಾನು ಬಾಯಿ ಬಿಡಬಹುದಿತ್ತು. ತಂದೆತಾಯಿಯರು ಮಾತಾಡಬಾರದು ಎಂಬ ನಿಯಮವಿದೆ, ನಾನು ಎಣ್ಣೆ ಹಾಕಿದ್ದು ಗೊತ್ತಾದರೆ ಯಂತ್ರವನ್ನೇ ಅಪ್ಪ ಕಟ್ಟಿದ್ದೆಂದು ತಿಳಿಯುತ್ತಾರೆ, ಅವಳಿಗೇ ತೊಂದರೆ. ಹೀಗೆ ನನಗೆ ನಾನೇ ಟಿಪ್ಪಣಿ ಬರೆದುಕೊಂಡೆ. ಕಚೇರಿಯಲ್ಲಿ ಇಂಥ ಟಿಪ್ಪಣಿ ನನ್ನ ಮುಂದೆ ಬಂದರೆ ಹರಿದು ಬಿಸಾಡುತ್ತೇನೆ. ನಿಜ ಸಂಗತಿ, ನನಗೆ ಹೆದರಿಕೆಯಾಗಿತ್ತು. ನಾನು ಹೆದರಿದ್ದು ಆ ಮೇಡಮ್ಮಿಗಲ್ಲ. ಹದಿಮೂರು ವರ್ಷದ ಹುಡುಗಿ ತಿರುಗಿ ನನ್ನ ಮುಖ ನೋಡುವಳಲ್ಲ, ಅದಕ್ಕೆ.

ಹೊರಗೆ ಬಂದು ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಅವಳು ಪೆಟ್ಟಿಗೆ ತೆರೆದು, ಕುತೂಹಲಕ್ಕೋ ಸಿಟ್ಟಿಗೋ, ಚಕ್ರಗಳನ್ನು ಮತ್ತೆ ಕೂರಿಸಿ ಸ್ವಿಚ್ ಹಾಕಿದಳು. ಯಂತ್ರ ಏನೂ ಆಗದವರ ಹಾಗೆ ಓಡಿತು. ಟ್ಯಾಂಕು ತುಂಬಿತು, ಮೋಟಾರು ತಾನೇ ನಿಂತಿತು, ಪುಟ್ಟ ಬಾಗಿಲು ಉಸ್ ಎಂದು ತೆರೆಯಿತು. ಅವಳು ನನ್ನತ್ತ ನೋಡಿದಳು. ಒಮ್ಮೊಮ್ಮೆ ಹಾಗಾಗುತ್ತದೆ ಎಂದೆ. ಅಷ್ಟರಲ್ಲಿ ನಮ್ಮ ಬಸ್ಸು ಬಂತು, ಅದರ ಬಾಗಿಲೂ ಉಸ್ ಎಂದಿತು. ದಾರಿಯುದ್ದಕ್ಕೂ ಅವಳು ಆ ಬಾಗಿಲನ್ನೇ ನೋಡುತ್ತ ಕೂತಿದ್ದಳು.

ವಾರ ಕಳೆದ ಮೇಲೆ ಆಯ್ಕೆಯಾದವರ ಪಟ್ಟಿ ಬಂತು. ಅದರಲ್ಲಿ ಅವಳ ಹೆಸರಿರಲಿಲ್ಲ. ಫೋನಿನಲ್ಲಿ ಸಮಾಧಾನ ಹೇಳಹೊರಟೆ. "ಸಾರಮಿಲ್ಲ" ಎಂದಳು. ಪರವಾಗಿಲ್ಲ ಎಂಬುದಕ್ಕೆ ಮಲಯಾಳದವರ ಮಾತು ಅದು. ನಿಜಕ್ಕೂ ನೋವಾಗಿದ್ದಾಗ ಅದನ್ನು ಇನ್ನೂ ಮೆಲ್ಲಗೆ ಹೇಳುತ್ತಾರೆ. ಮುಂದಿನ ಶುಕ್ರವಾರ ಮನೆಗೆ ಬಂದು ನೋಡಿದರೆ ಊಟದ ಮೇಜು ಖಾಲಿ. ಇಟ್ಟಿಗೆಗಳೆಲ್ಲ ರಟ್ಟಿನ ಪೆಟ್ಟಿಗೆ ಸೇರಿ ಅವಳ ಮಂಚದ ಕೆಳಗೆ ಹೋಗಿದ್ದವು. ಗೋಡೆಯ ಕಾಗದವೂ ಇರಲಿಲ್ಲ. ನಾವು ಮೂವರೂ ಮೇಜಿನ ಸುತ್ತ ಕುರ್ಚಿ ಎಳೆದುಕೊಂಡು, ಸಂಸಾರಸ್ಥರ ಹಾಗೆ ಕೂತು ಊಟ ಮಾಡಿದೆವು. ನನ್ನ ಜೀವನದಲ್ಲಿ ಅಷ್ಟು ಕೆಟ್ಟ ಊಟ ಇನ್ನೊಂದಿಲ್ಲ. ಅಡುಗೆ ಚೆನ್ನಾಗಿಯೇ ಇತ್ತು.

ಹೆಂಡತಿ ಎರಡು ಮೂರು ಸಲ ಕೇಳಿದಳು. "ಅಲ್ಲಿ ಎಂತ ಆಯಿತು ಸರಿಯಾಗಿ ಹೇಳಿ. ಅವಳು ಹೇಳುವುದಿಲ್ಲ, ನೀವೂ ಹೇಳುವುದಿಲ್ಲ." ಗೇರ್ ಜಾರಿತು ಎಂದೆ. ಅವಳು ಸಾಕ್ಷಿಗಳನ್ನು ನೋಡಿ ಪಳಗಿದವಳು. ಸುಮ್ಮನೆ ತಲೆ ಆಡಿಸಿ ಒಳಗೆ ಹೋದಳು. ಹೀಗೆ ಮೂರು ವಾರ ಹೋಯಿತು. ಮೂರು ವಾರವೂ ರೈಲಿನಲ್ಲಿ ಬರುವಾಗ, ಈ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಅಲಪ್ಪುಳ ದಾಟುವವರೆಗೆ ಆ ಧೈರ್ಯ ಇರುತ್ತಿತ್ತು.

ನಾಲ್ಕನೇ ಶನಿವಾರ ಮಗಳು ಟ್ಯೂಷನ್ನಿಗೆ ಹೋಗಿದ್ದಾಗ ನಾನು ಅವಳ ಮಂಚದ ಕೆಳಗಿನ ಪೆಟ್ಟಿಗೆಯನ್ನು ಎಳೆದೆ. ಪಂಪುಗಳನ್ನು ಗುಟ್ಟಾಗಿ ತೊಳೆದಿಟ್ಟರೆ ಅವಳು ಎಂದಾದರೂ ಓಡಿಸುವಾಗ ಸರಿಯಾಗಿರುತ್ತದೆ ಎಂಬ ಹೇಡಿ ಯೋಚನೆ ನನ್ನದು. ಪಂಪುಗಳನ್ನು ಆಗಲೇ ತೊಳೆದಾಗಿತ್ತು, ಅಲ್ಲ, ಒಂದನ್ನು ತೊಳೆದಾಗಿತ್ತು, ಇನ್ನೊಂದರಲ್ಲಿ ಎಣ್ಣೆಯ ಪಸೆ ಹಾಗೇ ಇತ್ತು. ಎರಡಕ್ಕೂ ಕಾಗದದ ಚೀಟಿ ಅಂಟಿಸಿದ್ದಳು. ಕೆಳಗೆ ನೋಟ್ ಪುಸ್ತಕ. ತೆರೆದೆ.

ದೋಷ, ಸಭಾಂಗಣದಲ್ಲಿ ಪಂಪು ಬಿಗಿಯಿತು. ಕಾರಣದ ಕಡೆ ಮೊದಲು ಹಲ್ಲಿನ ಚಕ್ರ ಎಂದು ಬರೆದು, ಒಂದೇ ಗೆರೆಯಿಂದ ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣ ಸಹಿ. ನಾನು ಕಲಿಸಿದ ಹಾಗೇ. ಅದರ ಕೆಳಗೆ ತೆಂಗಿನೆಣ್ಣೆ, ಎಸಿ ತಂಪಿಗೆ ಗಟ್ಟಿ. ಎದುರಿನ ಪುಟದಲ್ಲಿ ಪರೀಕ್ಷೆಯ ವಿವರ: ಎಣ್ಣೆಯಿದ್ದ ಪಂಪನ್ನೂ ತೊಳೆದ ಪಂಪನ್ನೂ ಫ್ರಿಜ್ಜಿನಲ್ಲಿ ಹತ್ತು ನಿಮಿಷ ಇಟ್ಟು ಓಡಿಸಿದ್ದು, ಮೂರು ಸಲ. ಮೂರು ಸಲವೂ ಎಣ್ಣೆಯದ್ದು ನಿಂತಿತು, ತೊಳೆದದ್ದು ಓಡಿತು. ಎಲ್ಲ ಬರೆದಿದ್ದಳು. ಯಾರಿಂದ ಎಂಬ ಕಾಲಂ ಖಾಲಿ. ಗೊತ್ತಾದ ದಿನ ಎಂಬುದೂ ಖಾಲಿ. ಇಡೀ ಪುಸ್ತಕದಲ್ಲಿ ಖಾಲಿ ಇದ್ದದ್ದು ಅವೆರಡೇ ಚೌಕ.

 ನಾಚಿಕೆ ಎಂದರೆ ಏನೆಂದು ಬಹಳ ವರ್ಷಗಳ ಮೇಲೆ ಸರಿಯಾಗಿ ಗೊತ್ತಾಯಿತು. ಅವಳು ಕಂಡುಹಿಡಿದಿದ್ದಳು, ಯಾರಿಗೂ ಹೇಳಿರಲಿಲ್ಲ. ತನ್ನ ಹೆಸರು ಬರೆದಿರಲಿಲ್ಲ, ನನ್ನದನ್ನೂ ಬರೆದಿರಲಿಲ್ಲ. ನನಗಾಗಿ ಜಾಗ ಬಿಟ್ಟು ಕಾಯುತ್ತಿದ್ದಳು. ಜೇಬಿನಿಂದ ಪೆನ್ನು ತೆಗೆದೆ. ಯಾರಿಂದ ಎಂಬ ಕಡೆ ಅಪ್ಪ ಎಂದು ಬರೆದೆ. ಗೊತ್ತಾದ ದಿನ ಎಂಬ ಕಡೆ ಆ ಶನಿವಾರದ, ಅಂದರೆ ಬರೆಯುತ್ತಿದ್ದ ದಿನದ ತಾರೀಕು ಹಾಕಿದೆ. ಕಚೇರಿಯ ಕೈ ಅದು, ಪೆನ್ನು ಹಿಡಿದರೆ ಇವತ್ತಿನ ತಾರೀಕೇ ಬರುತ್ತದೆ ಎಂದು ಈಗಲೂ ಹೇಳಿಕೊಳ್ಳಬಹುದು. ಆದರೆ ಹಾಗಲ್ಲ. ಆ ಒಂದು ಚೌಕದಲ್ಲಿ ನಾನು ಇನ್ನೂ ತಪ್ಪಿಸಿಕೊಳ್ಳಲು ನೋಡುತ್ತಿದ್ದೆ.

ಅವಳು ಬಂದಾಗ ಪುಸ್ತಕವನ್ನು ಊಟದ ಮೇಜಿನ ಮೇಲೆ ತೆರೆದಿಟ್ಟು ನಾನು ಪಕ್ಕದಲ್ಲಿ ನಿಂತಿದ್ದೆ. ಬ್ಯಾಗು ಇಳಿಸಿ ಓದಿದಳು. ಬೆರಳು ಮೊದಲ ಚೌಕದಿಂದ ಎರಡನೆಯದಕ್ಕೆ ಹೋಗಿ ಅಲ್ಲಿ ನಿಂತಿತು. ಆಮೇಲೆ ಅವಳು ಮಾತಾಡಿದ್ದು ಕನ್ನಡದಲ್ಲಿ.

"ತಾರೀಕು ತಪ್ಪುಂಟು."

ನಾನು ಪುಸ್ತಕದತ್ತ ಬಗ್ಗಿದೆ.

"ಅಪ್ಪನಿಗೆ ಅವತ್ತೇ ಗೊತ್ತಾಗಿದೆ. ಬೆರಳು ಪ್ಯಾಂಟಿಗೆ ಒರೆಸಿದ್ದು ನಾನು ನೋಡಿದ್ದೇನೆ. ಯಾಕೆ ಅಂತ ಆಗ ಗೊತ್ತಾಗಲಿಲ್ಲ, ಫ್ರಿಜ್ಜಿನಿಂದ ತೆಗೆದಾಗ ಗೊತ್ತಾಯಿತು."

ಧ್ವನಿ ಏರಲಿಲ್ಲ. ಅದು ಏರಿದ್ದರೆ ಸುಲಭವಾಗುತ್ತಿತ್ತು. ಪ್ರದರ್ಶನದವರಿಗೆ ನಾನು ಕಾಗದ ಬರೆಯುತ್ತೇನೆ, ತಪ್ಪು ನನ್ನದೆಂದು ತಿಳಿಸುತ್ತೇನೆ ಎಂದೆ. ಅವಳು ಬೇಡ ಎಂದಳು.

"ಎಣ್ಣೆ ಹಾಕಿದ್ದಕ್ಕೆ ನನಗೆ ಬೇಜಾರಿಲ್ಲ. ಮೇಡಂ ಕೇಳಿದಾಗ ನಾನು ಸುಳ್ಳು ಉತ್ತರ ಕೊಟ್ಟೆ. ಸರಿ ಉತ್ತರ ಅಪ್ಪನ ಹತ್ತಿರ ಇತ್ತು."

ನಾನು ಪೆನ್ನು ತೆಗೆದುಕೊಂಡೆ. ಇವತ್ತಿನ ತಾರೀಕನ್ನು ಒಂದೇ ಗೆರೆಯಿಂದ ಹೊಡೆದುಹಾಕಿ, ಪ್ರದರ್ಶನದ ದಿನದ ತಾರೀಕು ಬರೆದೆ. ಅವಳು ಕಾಯುತ್ತಲೇ ಇದ್ದಳು. ಪಕ್ಕದಲ್ಲಿ ಸಣ್ಣ ಸಹಿ ಹಾಕಿದೆ. ನನ್ನ ಕೈ ಬರೆದ ಸಾವಿರಾರು ಸಹಿಗಳಲ್ಲಿ ಅದು ತೀರ ಸೊಟ್ಟ. ಆಮೇಲೆ ಅವಳು ಕೇಳುವ ಮೊದಲೇ ಪುಸ್ತಕದ ಹಿಂಬದಿ ತೆರೆದು, ಹಲ್ಲಿನ ಚಕ್ರದ ಸಾಲಿನ ಕೆಳಗೆ, ಎರಡೂ ಪಂಪುಗಳಿಗೆ ತೆಂಗಿನೆಣ್ಣೆ, ಬೇಡವೆಂದರೂ ಹಾಕಿದ್ದು ಎಂದು ಬರೆದೆ.

ಅವಳು ಅದನ್ನೂ ಓದಿದಳು. ಬೇಡವೆಂದರೂ ಎಂಬಲ್ಲಿ "ಎರಡು ಸಲ" ಎಂದು ಸೇರಿಸಲು ಹೇಳಿದಳು. ಸೇರಿಸಿದೆ. ಆಮೇಲೆ ಎಣ್ಣೆಯ ಪಸೆ ಇದ್ದ ಪಂಪನ್ನು ನನ್ನ ಕೈಗೆ ಕೊಟ್ಟು, ಪಾತ್ರೆ ತೊಳೆಯುವ ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು, ಬಿಸಿನೀರು ಬೇಡ ಎಂದು ಮಲಯಾಳದಲ್ಲಿ ಹೇಳಿದಳು. ನಾನು ಸಿಂಕಿನ ಹತ್ತಿರ ನಿಂತು ತೊಳೆಯುವಾಗ ಹಿಂದೆ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಯನ್ನು ಬೋರಲು ಸುರಿದ ಸದ್ದು ಕೇಳಿತು. ಹೆಂಡತಿ ಕೋರ್ಟಿನ ಕಾಗದಗಳಿಂದ ತಲೆ ಎತ್ತಿ ನೋಡಿ, ತಾನು ಇಟ್ಟಿದ್ದ ಸಾರಿನ ಪಾತ್ರೆಯನ್ನು ಮೇಜಿನಿಂದ ತೆಗೆದು ಕಟ್ಟೆಯ ಮೇಲಿಟ್ಟಳು. ಆ ಮಧ್ಯಾಹ್ನ ನಾನು ನಿಂತೇ ಊಟ ಮಾಡಿದೆ.